ಅತ್ತೆಯ ಉಗುರು, ಎರಡು ಸೀಟಿನ ಕಾರು

ನಮ್ಮ ಸೋದರತ್ತೆಯ ಬಲಗೈ ತೋರುಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಉದ್ದ. ಅಂದಕ್ಕೆ ಬೆಳೆಸಿದ್ದಲ್ಲ. ತುದಿ ಅರಿಷಿಣಕ್ಕೆ ಹಳದಿ ತಿರುಗಿ, ನಡುವೆ ಸಣ್ಣ ಸೀಳು ಬಿಟ್ಟು, ಹಳೇ ಚಾಕುವಿನಂತೆ ಗಟ್ಟಿಯಾಗಿದ್ದ ಆ ಉಗುರಿನಿಂದ ಅವಳು ಲೋಕವನ್ನೆಲ್ಲ ಗೀರಿ ನೋಡುತ್ತಿದ್ದಳು. ಬದನೆಕಾಯಿಯ ತೊಟ್ಟು, ಬೆಲ್ಲದ ಪೆಂಟೆ, ಬಂಗಾರದಂಗಡಿಯ ಬಳೆ, ಹೊಸದಾಗಿ ಬಣ್ಣ ಬಳಿದ ಗೋಡೆ, ಯಾವುದನ್ನೂ ಬಿಟ್ಟವಳಲ್ಲ. ನನ್ನ ಅಕ್ಕನನ್ನು ನೋಡಲು ಬಂದ ಗಂಡಿನ ಕೋಟಿಗೂ ಮಾತಾಡಿಸುವ ನೆಪದಲ್ಲಿ ಉಗುರು ಹಾಕಿ, ಒಳಗೆ ಬಂದು, "ಬಾಡಗಿ ಕೋಟ ಬೇ ಇದು, ತೋಳಿನಾಗ ಬ್ಯಾರೆಯವರ ಬೆವರಿನ ವಾಸನಿ ಅದ" ಎಂದಿದ್ದಳು. ಕೋಟು ಬಾಡಿಗೆಯದೇ ಆಗಿತ್ತು ಅನ್ನಿ. ಅದರಿಂದ ನಮಗೆ ಆದ ಅನ್ಯಾಯವೆಂದರೆ, ಅವಳ ಸಂಶಯಕ್ಕೆ ಮತ್ತಷ್ಟು ಧೈರ್ಯ ಬಂತು.

ನಾನು ನೆಲೋಗಿಯವಳು. ಅಫಜಲಪುರದ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಾಗ, ಒಬ್ಬಳೇ ಇದ್ದ ಅತ್ತೆಯ ಮನೆಯಲ್ಲಿ ಉಳಿದೆ. "ಒಡಹುಟ್ಟಿದ ಅಣ್ಣನ ಮಗಳು, ನನ್ನ ಮಗಳಿದ್ದಂಗ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳಿ, ಒಳಗೆ ಹೋಗಿ, ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ ಒಂದು ತೊಗರಿ ಕಾಳು ಇಟ್ಟು ಬರುತ್ತಿದ್ದಳು. ಕಾಳು ಜರುಗಿದ್ದರೆ ನಾನು ಡಬ್ಬಿ ತೆರೆದಿದ್ದೇನೆಂದು ಅರ್ಥ. ಮೊದಮೊದಲು ನನಗೆ ಅಳು ಬರುತ್ತಿತ್ತು, ಕೊನೆಗೆ ಸಿಟ್ಟು ನೆತ್ತಿಗೇರಿ ಸಕ್ಕರೆಗೆ ಕೈ ಹಾಕುವುದನ್ನೇ ಬಿಟ್ಟೆ. ಹಾಗೆ ಬಿಟ್ಟದ್ದಕ್ಕೂ ಸಂಶಯ. "ಯಾಕಬೇ, ಛಾಕ್ಕ ಸಕ್ಕರಿ ಹಾಕ್ಕೊಳವಲ್ಲಿ? ಹೊರಗ ಎಲ್ಲಿ ಕುಡಿಯಾಕತ್ತಿ?"

ಅವಳ ಬಾಯಲ್ಲಿ ಸದಾ ಒಂದೇ ಮಾತು: "ಬೆಳ್ಳಗಿದ್ದದ್ದೆಲ್ಲ ಹಾಲಲ್ಲ." ಇದಕ್ಕೊಂದು ಕಾರಣವಿತ್ತು. ಆ ಕಾರಣ ಮನೆಯ ಹಿಂದಿನ ಹತ್ತಿ ಗೋದಾಮಿನಲ್ಲಿ ತಾಡಪತ್ರಿ ಹೊದ್ದುಕೊಂಡು ನಿಂತಿತ್ತು.

ಅದು ನಮ್ಮ ಮಾವನ ಕಾರು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ, ಬಟ್ಟೆಯ ಟಾಪು, ಗುಂಡಿ ಒತ್ತಿದರೆ ಕಣ್ಣು ಬಿಟ್ಟಂತೆ ಮೇಲೇಳುವ ದೀಪಗಳು. ಹತ್ತಿ ವ್ಯಾಪಾರಕ್ಕೆಂದು ಮುಂಬಯಿ ಕಡೆ ಹೋಗಿ ಬರುತ್ತಿದ್ದ ಮಾವ ಅಲ್ಲಿ ಯಾರದೋ ಕೈಯಿಂದ ಈ ಓಟದ ಕಾರು ಕೊಂಡು ತಂದಿದ್ದ. ಬಂದ ಹೊಸದರಲ್ಲಿ ಅದು ಜೇವರ್ಗಿ ರಸ್ತೆಯಲ್ಲಿ ಗುಯ್ಯೆಂದು ಹೋದರೆ ಎಮ್ಮೆಗಳು ಹಗ್ಗ ಹರಿದುಕೊಳ್ಳುತ್ತಿದ್ದವಂತೆ. ಮಾವ ಭೋಳೆ ಮನುಷ್ಯ. ಸರ್ವಿಸಿಗೆಂದು ದೊಡ್ಡ ಶಹರದ ಒಂದು ಗ್ಯಾರೇಜಿನಲ್ಲಿ ಕಾರು ಬಿಟ್ಟು, "ನಿಮ್ಮದ ಅಂತ ತಿಳ್ಕೊಂಡು ಮಾಡ್ರಿ" ಎಂದು ಹೇಳಿ ಬಂದ. ಅವರು ತಮ್ಮದೇ ಎಂದು ತಿಳಿದುಕೊಂಡರು. ಒಳಗಿನ ಒಳ್ಳೆಯ ಸಾಮಾನೆಲ್ಲ ಬಿಚ್ಚಿಟ್ಟುಕೊಂಡು ಗುಜರಿಯದ್ದನ್ನು ತುಂಬಿ ಕಳಿಸಿದರು. ಅತ್ತೆಯನ್ನು ಕೂಡಿಸಿಕೊಂಡು ಸೊನ್ನದ ಬ್ಯಾರೇಜು ತೋರಿಸಲು ಹೊರಟ ಕಾರು ಅರ್ಧ ದಾರಿಯಲ್ಲಿ ಹೊಗೆ ಉಗುಳಿ ನಿಂತಿತು. ಮದುವೆಮನೆಗೆ ಉಡುವಂಥ ಸೀರೆ ಉಟ್ಟಿದ್ದ ಅತ್ತೆ ತೊಗರಿ ಹೊಟ್ಟಿನ ಟ್ರ್ಯಾಕ್ಟರಿನಲ್ಲಿ ಕೂತು ಊರಿಗೆ ಬಂದಳು. ಮಾವ ಮತ್ತೆ ಆ ಕಾರು ಮುಟ್ಟಲಿಲ್ಲ. ಸಾಯುವ ಮುಂಚೆ ಕೂಡ, "ಛಲೋ ಓಡ್ತಿತ್ತು ನೋಡು ಅದು, ಯಾರೋ ಕೈ ಮಾಡಿದ್ರು" ಎನ್ನುತ್ತಿದ್ದನಂತೆ.

ಇಂಥ ಅತ್ತೆ ಒಂದು ದಿನ ರೊಟ್ಟಿ ಬಡಿಯುತ್ತ, "ಕಾರು ತಯಾರ ಮಾಡಸ್ತೀನಿ" ಎಂದಳು. ಮೊದಲಿದ್ದಂತಲ್ಲ, ಅದಕ್ಕಿಂತ ಜೋರಾಗಿ. ಎಂಜಿನ್ನು ಬಲ ಆಗಬೇಕು, ಮೈಯೂ ಚೆಂದ ಆಗಬೇಕು.

ನನಗೆ ತಟ್ಟನೆ ಸಂಶಯ ಬಂತು. ಅರವತ್ತು ದಾಟಿದ ಹೆಂಗಸಿಗೆ ಓಟದ ಕಾರು ಯಾಕೆ? ಮಾರುವ ಹಂಚಿಕೆಯೋ, ತಲೆ ಕೆಟ್ಟಿತೋ? ನಮ್ಮ ಬಳಗ ಕೇಳಬೇಕೆ! ಆಳಂದದಿಂದ ಮಾವನ ತಮ್ಮ ಓಡಿ ಬಂದು, ಛಾ ಕುಡಿಯುವಷ್ಟು ಹೊತ್ತೂ ಅತ್ತೆಯ ಮುಖ ನೋಡುವುದು ಬಿಟ್ಟು ಗೋದಾಮಿನ ಕಡೆಗೇ ನೋಡುತ್ತಿದ್ದ. "ವೈನಿ, ಆ ಕಾರಿನಾಗ ಏನರೆ ಇಟ್ಟಾರೇನು ಅಣ್ಣ?" ಎಂದು ಕೊನೆಗೆ ಬಾಯಿ ಬಿಟ್ಟ. ಅತ್ತೆ, "ಹೂಂನಪಾ, ನಿಮ್ಮಣ್ಣನ ಮಾನ ಇಟ್ಟಾರ. ಅದನ್ನ ಹೊರಗ ತೆಗಸಾಕತ್ತೇನಿ" ಎಂದಳು. ಅವನು ನಂಬಲಿಲ್ಲ. ನಮ್ಮ ಮನೆತನದಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ. ಅತ್ತೆ ಮಾತ್ರ ಅದನ್ನು ಎದುರಿಗೇ ತೋರಿಸುತ್ತಿದ್ದಳು, ಅಷ್ಟೇ.

ಕೆಲಸಕ್ಕೆ ಸಿಕ್ಕವನು ನಮ್ಮೂರ ಮಿಸ್ತ್ರಿ. ಬಸ್ಟ್ಯಾಂಡಿನ ಆಚೆ ಬೇವಿನ ಗಿಡದ ಕೆಳಗೆ ಅವನ ಗ್ಯಾರೇಜು. ಜೇವರ್ಗಿಯ ಟ್ರ್ಯಾಕ್ಟರು, ಆಳಂದದ ಜೀಪು, ಎಲ್ಲ ಅಲ್ಲಿಗೇ ಬರುತ್ತಿದ್ದವು. ಕಡಿಮೆ ಮಾತು, ಎಣ್ಣೆ ಕುಡಿದ ಗಡ್ಡ, ಕಿವಿಯ ಮೇಲೆ ಸದಾ ಒಂದು ಬೀಡಿ. "ಮಿಸ್ತ್ರಿ ಕೈ ಮುಟ್ಟಿದರೆ ಸಾಮಾನು ಸಾಮಾನಾಗೇ ತಿರುಗಿ ಬರ್ತದ" ಎಂಬ ಹೆಸರೊಂದೇ ಅವನ ಆಸ್ತಿ. ಬೋರ್ಡು ಕೂಡ ಇರಲಿಲ್ಲ ಆ ಗ್ಯಾರೇಜಿಗೆ.

ಹೊಸ ರೂಪದ ವಿಚಾರ ಗೋದಾಮಿನಲ್ಲೇ ನಡೆಯಿತು. ಕಾರನ್ನು ಹೊರಗೆ ಬಿಡುವ ಮಾತೇ ಇಲ್ಲವೆಂದು ಅತ್ತೆ ಮೊದಲೇ ಹೇಳಿಬಿಟ್ಟಿದ್ದಳು. ನಾನು ಫೋನಿನಲ್ಲಿ ಹಳೆಯ ಕಾರುಗಳನ್ನು ಹೊಸದು ಮಾಡುವ ವಿಡಿಯೋ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ಪೂರಾ ನೋಡಿ, "ಇಂವ ಸುಳ್ಳ ಅದಾನ. ಬೋಲ್ಟ ಬಿಚ್ಚಿದ್ದು ತೋರಿಸಿದ, ಹಾಕಿದ್ದು ತೋರಸಲಿಲ್ಲ. ನಡುವ ಕತ್ತರಸ್ಯಾನ" ಎಂದಳು.

"ಅಕ್ಕಾ, ಹಿಂದ ಒಂದು ಸ್ಪಾಯಲರ್ ಹಾಕೂಣೇನ್ರಿ? ಈಗಿನ ಮಂದಿ ಹಾಕ್ತಾರ" ಎಂದ ಮಿಸ್ತ್ರಿ, ಡಿಕ್ಕಿಯ ಮೇಲೆ ಅಡ್ಡ ಹಲಗೆಯಂತೆ ಕೈ ಹಿಡಿದು ತೋರಿಸುತ್ತ.

"ಬಾಲ ಯಾಕೋ ಅದಕ್ಕ? ನೊಣ ಹೊಡಕೊಳಾಕ?"

"ಹಂಗಾರ ಕಾರು ಇನ್ನೂ ಒಂದೀಟು ಕೆಳಗ ಇಳಸಬಹುದು. ರಸ್ತಾ ಹಿಡದು ಓಡ್ತದ."

"ಕೆಳಗ ಇಳಸ್ತೀ? ನಮ್ಮ ರಸ್ತಾದಾಗ? ಊರ ಮುಂದಿನ ಉಬ್ಬಿನ ಮ್ಯಾಲ ಕುಂತ್ರ ಎತ್ತು ಕಟ್ಟಿ ಎಳೀಬೇಕು. ಎತ್ತರ ಮಾಡು."

ಮಿಸ್ತ್ರಿ ನಕ್ಕ. ಓಟದ ಕಾರನ್ನು ಎತ್ತರಿಸಿದವರು ಈ ಜಗತ್ತಿನಲ್ಲಿ ನಮ್ಮ ಅತ್ತೆ ಒಬ್ಬಳೇ ಇರಬೇಕು. ಆದರೆ ವಿಚಾರ ಮಾಡಿದರೆ ಅವಳದ್ದೇ ಖರೆ. ಆಮೇಲೆ ಇಬ್ಬರೂ ಕೂತು ಒಂದೊಂದೇ ತೀರ್ಮಾನಕ್ಕೆ ಬಂದರು. ನಮ್ಮ ಬಿಸಿಲಿಗೆ ತಾಳುವಂಥ ದೊಡ್ಡ ರೇಡಿಯೇಟರು, ಕರೆಂಟಿನ ಫ್ಯಾನು, ಹೊಸ ಕಾರ್ಬ್ಯುರೇಟರು, ಎಂಜಿನ್ನಿನ ಹೆಡ್ಡಿಗೆ ಮೊದಲಿಗಿಂತ ದೊಡ್ಡ ವಾಲ್ವು. ಸೀಟಿಗೆ ಹೊಸ ಹೊದಿಕೆ. ಬಣ್ಣಕ್ಕೆ ಮಾತ್ರ ಅತ್ತೆ ತನ್ನ ಇಳಕಲ್ ಸೀರೆಯ ಸೆರಗು ತಂದು ಬಾನೆಟ್ಟಿನ ಮೇಲೆ ಹಾಸಿದಳು. "ಇದ ಕೆಂಪು ಬೇಕು. ಇದಕ್ಕ ಒಂದು ಕೂದಲೆಳಿ ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ. ಆದರ ಒಳಗಿಂದು ಮೊದಲ, ಮ್ಯಾಲಿಂದು ಆಮ್ಯಾಲ. ಬಣ್ಣ ಆಗೂತನಕ ಈ ಗಾಡಿ ಮಂದೀ ಮುಂದ ಬರಂಗಿಲ್ಲ." ಮಿಸ್ತ್ರಿ ತಲೆಯಾಡಿಸಿದ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು, ಕೈ ಜೇಬಿನ ಕಡೆ ಹೋಗುತ್ತದೇನೋ ಎಂದು.

ಹೆಡ್ಡು ಎಂದರೇನೆಂದು ಇಲ್ಲಿ ಹೇಳಿಬಿಡಬೇಕು, ಯಾಕೆಂದರೆ ಮುಂದಿನ ರಾಮಾಯಣವೆಲ್ಲ ಅದರದೇ. ಅದು ಎಂಜಿನ್ನಿನ ಮೇಲಿನ ಭಾಗ, ಕೆಳಗಿನ ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುತ್ತದೆ. ಎರಡರ ನಡುವೆ ತೆಳ್ಳನೆಯ ಪ್ಯಾಕಿಂಗು. ಹೆಂಚಿನ ಮೇಲೆ ರೊಟ್ಟಿ ಕೂತಂತೆ ಎಲ್ಲೂ ಸಂದಿಲ್ಲದೆ ಕೂರಬೇಕು, ಇಲ್ಲದಿದ್ದರೆ ಎಂಜಿನ್ನು ತಣ್ಣಗಿಡಲು ಸುತ್ತುವ ನೀರು ಒಳಗೆ ಸೋರಿ ಎಲ್ಲ ಹಾಳು. ಅದಕ್ಕೇ ಅದರ ಕೆಳಮೈಯನ್ನು ಅತ್ತೆ ತಾನೇ ಜೊತೆಗೆ ಹೋಗಿ ಕಲಬುರಗಿಯ ಲೇಥಿನಲ್ಲಿ ಕನ್ನಡಿಯಷ್ಟು ನುಣುಪು ಮಾಡಿಸಿ ತಂದಿದ್ದಳು. ಇನ್ನು ವಾಲ್ವು ಕೂಡಿಸಲು ಅದು ಮಿಸ್ತ್ರಿಯ ಗ್ಯಾರೇಜಿಗೆ ಹೋಗಬೇಕು. ಅತ್ತೆಗೆ ಅಲ್ಲೇ ಸಂಶಯ ಸುರುವಾಯಿತು. ಕಾರು ಬಿಡಲಿಲ್ಲ ಸರಿ, ಸಾಮಾನು ಬಿಡಲೇಬೇಕಲ್ಲ!

ನಮ್ಮ ಕಡೆ ಮನೆಯ ಭಾಂಡೆಗಳ ಮೇಲೆ ಹೆಸರು ಹಾಕಿಸುವ ರೂಢಿ ಇದೆ. ತಾಟು, ತಂಬಿಗೆ, ಕೊಡ, ಏನೇ ಇರಲಿ, ಲಗ್ನದಲ್ಲಿ ಕೊಟ್ಟವರ ಹೆಸರು, ಮನೆತನದ ಹೆಸರು ಚುಕ್ಕೆಚುಕ್ಕೆಯಾಗಿ ಕೊರೆದಿರುತ್ತದೆ. ಹತ್ತು ಮನೆಯ ಭಾಂಡೆ ಒಂದೇ ಊಟದ ಪಂಕ್ತಿಗೆ ಹೋದರೂ ನಮ್ಮದು ನಮಗೇ ತಿರುಗಿ ಬರುತ್ತದೆ. ಸಣ್ಣ ಮಶೀನು ಹಿಡಿದು ಓಣಿ ಓಣಿ ತಿರುಗುವ ಹೆಸರು ಹಾಕುವವನು ಆವತ್ತು ನಮ್ಮ ಬಾಗಿಲಿಗೆ ಬಂದ. ಅತ್ತೆಯ ಮುಖ ಅರಳಿತು. ಅವನನ್ನು ಪಡಸಾಲೆಯಲ್ಲಿ ಕೂಡಿಸಿ, ಭಾಂಡೆಗಳ ಬದಲು ಕಾರಿನ ಸಾಮಾನೆಲ್ಲ ತಂದು ಸುರಿದಳು.

"ಎಲ್ಲಾದರ ಮ್ಯಾಲೂ ನಮ್ಮ ಮನೆತನದ ಎರಡಕ್ಷರ ಹಾಕು."

"ಅವ್ವಾ, ಇದೇನ್ರಿ, ಕುಕ್ಕರೇನು?" ಎಂದ ಅವನು ಹೆಡ್ಡನ್ನು ತಿರುವಿ ನೋಡುತ್ತ. "ಮೈಯೆಲ್ಲ ದೊರಗ ಅದ, ಅಕ್ಷರ ಏಳಂಗಿಲ್ಲ."

"ನುಣ್ಣಗ ಎಲ್ಲಿ ಅದ ಅಲ್ಲಿ ಹಾಕು" ಎಂದು ಹೇಳಿ ಅತ್ತೆ ಒಲೆಯ ಮೇಲಿನ ಬೇಳೆ ನೋಡಲು ಒಳಗೆ ಹೋದಳು. ಅವನು ಅಕ್ಷರಶಃ ಹೇಳಿದಂತೆ ಮಾಡಿದ. ಅತ್ತೆ ಬಂದು ಮೇಲೆ ಕಂಡ ಗುರುತುಗಳನ್ನಷ್ಟೇ ನೋಡಿ ದುಡ್ಡು ಕೊಟ್ಟಳು, ಭಾರದ ಹೆಡ್ಡನ್ನು ಮಾತ್ರ ತಿರುವಿ ನೋಡಲಿಲ್ಲ.

ಕೂಡಿಸುವ ದಿನ ಅತ್ತೆ ಗೋದಾಮಿನಲ್ಲಿ ಮಣೆ ಹಾಕಿಕೊಂಡು ಕೂತಳು. ಮಿಸ್ತ್ರಿ ಬಟ್ಟೆಯಲ್ಲಿ ಸುತ್ತಿ ತಂದ ಹೆಡ್ಡನ್ನು ಬ್ಲಾಕಿನ ಮೇಲೆ ಇಳಿಸುವ ಮುಂಚೆ ಒಂದು ಗಳಿಗೆ ತಡೆದು ಅತ್ತೆಯ ಮುಖ ನೋಡಿದ. ಏನೋ ಹೇಳುವವನಿದ್ದ. "ಮುಖಾ ಏನ್ ನೋಡ್ತೀ, ಕೆಲಸಾ ನೋಡು" ಎಂದಳು ಅತ್ತೆ. ಅವನು ಬಾಯಿ ಮುಚ್ಚಿಕೊಂಡು ಕೂಡಿಸಿದ. ಯಾವ ಬೋಲ್ಟು ಮೊದಲು ಬಿಗಿದ, ಯಾವುದು ಆಮೇಲೆ, ಎಲ್ಲ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಕೆಲಸ ಕಲಿಯುವ ಆಸೆಯಿಂದಲ್ಲ, ಕಳವು ಹಿಡಿಯುವ ಆಸೆಯಿಂದ.

ಕಾರು ಸುರುವಾಯಿತು. ಅಬ್ಬಾ, ಆ ದನಿ! ಗೋದಾಮಿನ ಮೇಲಿನ ತಗಡಿನ ಪತ್ರಾಸು ನಡುಗಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು, ಕಣ್ಣಲ್ಲಿ ನೀರು. ಅಂಗಳದಲ್ಲಿ ಒಂದು ಸುತ್ತು, ಎರಡು ಸುತ್ತು. ಅಷ್ಟರಲ್ಲಿ ಹಿಂದಿನಿಂದ ಬಿಳೀ ಹೊಗೆ ಎದ್ದಿತು. ಕಾವು ತೋರಿಸುವ ಮುಳ್ಳು ಕೆಂಪಿಗೆ ಹೋಗಿ ಕೂತಿತು. ಎಂಜಿನ್ನು ಕೆಮ್ಮಿ ನಿಂತಿತು. ಸೊನ್ನದ ದಾರಿಯಲ್ಲಿ ಆದದ್ದೇ ಮತ್ತೆ ನಮ್ಮ ಅಂಗಳದಲ್ಲಿ.

ಅತ್ತೆ ಅಳಲಿಲ್ಲ. ಬಾನೆಟ್ಟು ಎತ್ತಿಸಿ ಬಗ್ಗಿ ನೋಡಿದಳು. ಕಾರ್ಬ್ಯುರೇಟರಿನ ಮೇಲೆ ಎರಡಕ್ಷರ ಇತ್ತು. ಫ್ಯಾನಿನ ಮೇಲೆ ಇತ್ತು. ಹೆಡ್ಡಿನ ಸುತ್ತಲೂ ಉಗುರು ಆಡಿಸಿದಳು. ಇಲ್ಲ.

"ನನ್ನ ಗುರ್ತ ಎಲ್ಲಿ?"

"ಒಳಗ ಅದರೀ ಅಕ್ಕಾ."

"ಒಳಗ! ಒಳಗ ಯಾರರ ಹೆಸರು ಹಾಕಸ್ತಾರೇನೋ? ತಂಬಗಿ ಒಳಗ ಹಾಕಸ್ತಾರ? ಹೆಡ್ಡ ಬದಲಿ ಮಾಡೀದಿ ನೀ!"

"ನನ್ನ ಈ ಕೈ ಮ್ಯಾಲಿನ ಆಣಿ ರೀ, ಬದಲಿ ಮಾಡಿಲ್ಲ. ಬಿಚ್ಚಿ ತೋರಸ್ಲಿ?"

"ಬಿಚ್ಚಿ, ಅಲ್ಲೇ ನೀನ ಕೊರದು, ನೋಡ್ರಿ ಅಂತಿ. ನಾ ಏನ್ ನಿನ್ನೆ ಹುಟ್ಟಿದಾಕಿ ಅಲ್ಲ!"

ಮಿಸ್ತ್ರಿಯ ಮುಖ ಕಪ್ಪಿಟ್ಟಿತು. ಬೋಲ್ಟು ಬಿಗಿಯುವ ಪಾನಾಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡ. "ನಂಬಿಕಿ ಇಲ್ಲದ ಮನ್ಯಾಗ ನಾ ಪಾನಾ ಹಿಡಿಯಂಗಿಲ್ರಿ" ಎಂದು ಹೋದವನು ತಿರುಗಿ ನೋಡಲಿಲ್ಲ. ಹೆಸರು ಹಾಕುವವನನ್ನು ಕೇಳೋಣವೆಂದರೆ ಅವನು ಲಗ್ನದ ದಿನಗಳೆಂದು ಯಡ್ರಾಮಿ ಕಡೆ ಹೋಗಿಬಿಟ್ಟಿದ್ದ.

ಅತ್ತೆ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಕೂತಳೆ? ಗಿರಣಿಯಲ್ಲಿ ಹೇಳಿದಳು, ಬಳೆಗಾರನ ಅಂಗಡಿಯಲ್ಲಿ ಹೇಳಿದಳು, ಭಜಿ ಹೋಟೆಲಿನ ಮುಂದೆ ನಿಂತು ಹೇಳಿದಳು. ಫೋನು ಹಚ್ಚಿ ಜೇವರ್ಗಿಯ ಬೀಗರಿಗೆ, ಆಳಂದದ ಮೈದುನನಿಗೆ ಹೇಳಿದಳು. ಮಾತಿಗೆ ಕಾಲಿಲ್ಲ ಅನ್ನುತ್ತಾರೆ, ನಮ್ಮ ಕಡೆ ಅದಕ್ಕೆ ಬಸ್ಸೇ ಇದೆ. ನೋಡನೋಡುತ್ತ ಬೇವಿನ ಗಿಡದ ಕೆಳಗೆ ಗಾಡಿಗಳು ಬರುವುದು ನಿಂತಿತು. ನಾನು ಅಂಗಡಿಗೆ ಹೋಗುವ ದಾರಿ ಅದೇ. ಮಿಸ್ತ್ರಿ ಖಾಲಿ ನೆಲದ ಮೇಲೆ ಕೂತು ಒರೆಸಿದ ಪಾನಾಗಳನ್ನೇ ಮತ್ತೆ ಒರೆಸುತ್ತಿದ್ದ. ಅವನ ಹೆಂಡತಿ ನಮ್ಮ ಔಷಧಿ ಅಂಗಡಿಗೆ ಬಂದರೆ, ಪಕ್ಕದಲ್ಲಿ ನಿಂತವರು ತಮ್ಮ ಚೀಲವನ್ನು ಈ ಕಡೆಯಿಂದ ಆ ಕಡೆಗೆ ಬದಲಿಸಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡೆ. ಆಕೆಯೂ ಕಂಡಳು. ಔಷಧಿ ತೆಗೆದುಕೊಳ್ಳದೆ ಹೋದಳು.

ಆವತ್ತು ನನಗೆ ತಡೆಯಲಾಗಲಿಲ್ಲ. ಮನೆಗೆ ಬಂದು ಚಪ್ಪಲಿ ಕಳಚುವ ಮುಂಚೆಯೇ ಸುರು ಮಾಡಿದೆ.

"ಅತ್ತಿ, ತಾ ಕಳ್ಳ ಪರರ ನಂಬ ಅಂತಾರ. ನೀ ಏನ್ ಕಳವು ಮಾಡೀದಿ, ಜಗತ್ತೆಲ್ಲ ಕಳ್ಳರಂಗ ಕಾಣಸ್ತದ ನಿನಗ?"

"ಬಾಯಿ ಭಾಳ ಆತು ನಿಂದು."

"ಆಗ್ಲಿ. ಅಂವ ಒಳಗ ಅದ ಅಂದ. ಇದ್ರ? ಒಂದ್ಯಾಳೆ ಇದ್ರ ಏನ್ ಮಾಡ್ತಿ? ಮುತ್ತು ಒಡದ್ರ ಹೋತು, ಮಾತಾಡಿದ್ರ ಹೋತು. ನಾವ ಬಿಚ್ಚಿ ನೋಡೂಣ ನಡಿ. ನಾವಿಬ್ಬರ. ನಡುವ ಕೈ ಮಾಡಾಕ ಯಾರೂ ಇರಂಗಿಲ್ಲ."

ಅವಳು ನನ್ನನ್ನೇ ದಿಟ್ಟಿಸಿದಳು. ಮಿಸ್ತ್ರಿ ನನಗೆ ಏನಾದರೂ ಕೊಟ್ಟಿದ್ದಾನೋ ಎಂದು ನೋಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಆದರೂ ಎದ್ದಳು.

ಇಬ್ಬರೂ ಸೀರೆ, ಚೂಡಿದಾರ ಮೇಲೆ ಸಿಕ್ಕಿಸಿಕೊಂಡು ಗೋದಾಮಿಗೆ ಹೋದೆವು. ಮಾವನ ಕಾಲದ ಪಾನಾ ಪೆಟ್ಟಿಗೆ ಅಲ್ಲೇ ಇತ್ತು. ನೀರು ಬಸಿದೆವು, ಪೈಪು ಬಿಚ್ಚಿದೆವು. ಯಾವ ಬೋಲ್ಟು ಎಲ್ಲಿಯದೆಂದು ಅತ್ತೆಗೆ ಬಾಯಿಪಾಠ ಆಗಿತ್ತು, ಕಳವು ಹಿಡಿಯಲೆಂದು ಕೂತಾಗ ಕಲಿತ ವಿದ್ಯೆ. ಒಂದು ಬೋಲ್ಟು ಜಗ್ಗದಿದ್ದಾಗ ಪಾನಾಕ್ಕೆ ಒನಕೆ ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು. ಕೊನೆಗೆ ಹೆಡ್ಡು ಕಿತ್ತು ಬಂತು. ಅದನ್ನು ಮಗ್ಗುಲಿಗೆ ತಿರುವಿ ನೆಲದ ಮೇಲೆ ಇಟ್ಟೆವು.

ಎಣ್ಣೆ, ಮಸಿ, ತುಕ್ಕು ನೀರು. ನನಗೇನೂ ಕಾಣಲಿಲ್ಲ. ಅತ್ತೆ ಸೆರಗಿನಿಂದ ಒರೆಸಿ, ಆ ನುಣುಪಿನ ಮೇಲೆ ಉಗುರು ಇಟ್ಟು ಎಳೆದಳು. ಉಗುರು ಜಾರುತ್ತ ಜಾರುತ್ತ ಹೋಗಿ ಒಂದು ಕಡೆ ಟಕ್ಕೆಂದು ನಿಂತಿತು. ಮತ್ತೆ ಎಳೆದಳು. ಟಕ್, ಟಕ್, ಟಕ್. ಚುಕ್ಕೆಗಳು. ನಮ್ಮ ಮನೆತನದ ಎರಡಕ್ಷರ, ದುಂಡಗೆ, ಚೆಂದಾಗಿ, ಲಗ್ನದ ತಾಟಿನ ಮೇಲೆ ಹಾಕಿದಂತೆ. ಕನ್ನಡಿಯಂಥ ಆ ಮೈಯಲ್ಲಿ ಅದೊಂದೇ ತಗ್ಗು. ನೀರು ಅಲ್ಲಿಂದಲೇ ದಾರಿ ಮಾಡಿಕೊಂಡಿತ್ತು. ಎರಡನೇ ಅಕ್ಷರದ ಕೊಂಬಿನಿಂದ ತುಕ್ಕಿನ ಗೆರೆಯೊಂದು ನೆಟ್ಟಗೆ ಒಳಗೆ ಹೋಗಿತ್ತು.

ಅತ್ತೆ ಕುಕ್ಕರಗಾಲಲ್ಲೇ ಕೂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಗೋದಾಮಿನ ಬಾಗಿಲ ಕಡೆ ನೋಡಿದಳು. ಬಾಗಿಲು ಮುಚ್ಚಿತ್ತು. ಓಣಿಯಲ್ಲಿ ಯಾರೂ ಇರಲಿಲ್ಲ. ಈಗ ನನಗೆ ಬಾಯಿ ಮುಚ್ಚಿಕೊಂಡಿರು ಎನ್ನುತ್ತಾಳೆ, ಹೆಡ್ಡನ್ನು ಬಾವಿಗೆ ಹಾಕಿ ಮಿಸ್ತ್ರಿಯೇ ಕಳ್ಳ ಎಂದು ಕೊನೆತನಕ ಸಾಧಿಸುತ್ತಾಳೆ ಎಂದುಕೊಂಡೆ. ಅವಳ ಮನೆಯಲ್ಲಿ ಇದ್ದೂ ಇದ್ದೂ ನನಗೂ ಅವಳ ಬುದ್ಧಿಯೇ ಹತ್ತಿತ್ತು.

"ಆ ಹಳೇ ಸೀರಿ ತಾ ಬೇ" ಎಂದಳು. ಹೆಡ್ಡನ್ನು ಕೂಸಿನಂತೆ ಸೀರೆಯಲ್ಲಿ ಸುತ್ತಿದಳು. "ಆಟೋ ಕರಿ. ಗ್ಯಾರೇಜಿಗೆ."

ಬೇವಿನ ಗಿಡದ ಕೆಳಗೆ ಮಿಸ್ತ್ರಿ ಇದ್ದ. ಬೀಡಿ ಸೇದಲು ಬಂದ ಆಚೀಚೆಯ ಅಂಗಡಿಯ ಒಂದಿಬ್ಬರು ಇದ್ದರು. ಅತ್ತೆ ಅವನ ಮುಂದೆ ಸೀರೆ ಬಿಚ್ಚಿ, ಅಕ್ಷರದ ಮೇಲೆ ಬೆರಳಿಟ್ಟಳು.

"ನಿಂದೇನೂ ತಪ್ಪಿಲ್ಲ ಮಿಸ್ತ್ರಿ. ನಾ ಹಾಕಿದ ಗುರ್ತ ನನ್ನ ಎಂಜಿನ್ ಕೆಡಸ್ಯಾದ. ಆದರ ಒಂದು ಮಾತು ಹೇಳು. ಕೂಡಸೂ ಮುಂದ ನಿನ್ನ ಕಣ್ಣಿಗೆ ಬಿದ್ದಿರಬೇಕಲ್ಲ ಇದು?"

"ಬಿದ್ದಿತ್ರಿ."

"ಮತ್ತ ಉಜ್ಜಿ ತೆಗೀಬೇಕಿಲ್ಲ?"

ಮಿಸ್ತ್ರಿ ಮೊದಲ ಸಲ ತಲೆ ಎತ್ತಿದ. "ತೆಗದಿದ್ರ ನೀವು ಗುರ್ತ ಎಲ್ಲಿ ಅಂತಿದ್ರಿ. ಬಿಟ್ರ ನೀರು ಸೋರ್ತದ, ತೆಗದ್ರ ಕಳ್ಳ ಆಗ್ತೀನಿ. ಕೇಳೂಣಂದ್ರ ನೀವು ಬಾಯಿ ತೆರ್ಯಾಕ ಕೊಡಲಿಲ್ಲ. ಪ್ಯಾಕಿಂಗ್ ಮುಚ್ಚಿಕೊಂಡೀತು ಅಂತ ದೇವರ ಮ್ಯಾಲ ಭಾರ ಹಾಕಿ ಕೂಡಿಸಿದೆ. ಯಾತಕ್ಕ ಅಂಜಿದ್ನಿ ಅಕ್ಕಾ, ಅದ ಆತು."

ಅತ್ತೆಯ ಕಣ್ಣು ತುಂಬಿದವು. "ತಪ್ಪಾತಪಾ" ಎಂದು ಎರಡೂ ಕೈ ಜೋಡಿಸಿದಳು. ಅವಳು ದೇವರ ಮುಂದೆಯೂ ಒಂದೇ ಕೈಯಲ್ಲಿ ನಮಸ್ಕಾರ ಮಾಡಿ ಇನ್ನೊಂದರಲ್ಲಿ ಚಪ್ಪಲಿ ಹಿಡಿದುಕೊಳ್ಳುವವಳು.

ಮಿಸ್ತ್ರಿ ಕರಗಲಿಲ್ಲ. "ಕಳ್ಳ ಅಂದದ್ದು ಊರ ತುಂಬ, ತಪ್ಪಾತು ಅಂದದ್ದು ಈ ಗಿಡದ ಬುಡಕ. ಹೆಂಗ ಸಮ ಆತ್ರಿ ಅಕ್ಕಾ ಇದು?" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಅತ್ತೆ ಹೆಡ್ಡನ್ನು ಅವನ ಕಡೆಗೆ ಸರಿಸಿ, "ಗಾಡಿ ತಯಾರ ಮಾಡು. ಆಮ್ಯಾಲ ನೋಡಂತಿ" ಎಂದಳು.

ಅವನು ಆ ಎರಡಕ್ಷರವನ್ನು ಲೇಥಿಗೆ ಒಯ್ದು ನುಣ್ಣಗೆ ಅಳಿಸಿ ತಂದ. ಅತ್ತೆ ತಡೆಯಲಿಲ್ಲ, ಹಿಂದೆಯೂ ಹೋಗಲಿಲ್ಲ. ಕೂಡಿಸುವ ದಿನ ಮಣೆ ಹಾಕಿಕೊಂಡು ಕೂತಿದ್ದು ನಿಜ, ಆದರೆ ಆ ಸಲ ಅವನಿಗೆ ಛಾ ಕೊಟ್ಟಳು.

ಕಾರು ಓಡಿತು. ಆದರೆ ಬಣ್ಣ ಆಗಿರಲಿಲ್ಲ. ಅಲ್ಲಲ್ಲಿ ಹಳೇ ಕೆಂಪು, ಅಲ್ಲಲ್ಲಿ ಪುಟ್ಟಿ ಮೆತ್ತಿದ ಬೂದಿ ತೇಪೆ, ಎದ್ದುಕೊಳ್ಳುವ ದೀಪಗಳಲ್ಲಿ ಒಂದು ಮಾತ್ರ ಏಳುತ್ತಿತ್ತು, ಒಂದು ಕಣ್ಣು ಹೊಡೆದಂತೆ. ಬಣ್ಣ ಆಗುವ ತನಕ ಮಂದಿಯ ಮುಂದೆ ತರುವುದಿಲ್ಲ ಎಂದಿದ್ದವಳು, ಸಂತೆಯ ದಿನವೇ ಇಳಕಲ್ ಸೀರೆ ಉಟ್ಟು ಸ್ಟೇರಿಂಗಿನ ಮುಂದೆ ಕೂತಳು. ಒಕ್ಕಲುತನದ ಟೆಂಪೋ ಹೊಡೆದ ಕೈ ಅವಳದು, ಅಂಜಿಕೆ ಇರಲಿಲ್ಲ. ಪಕ್ಕದ ಸೀಟಿಗೆ ನಾನು ಹೋದೆ. "ನಿಂದಲ್ಲ ಅದು, ಇಳಿ" ಎಂದಳು. ಮಾವ ಓಡಿಸುವಾಗ ಅವಳು ಕೂರುತ್ತಿದ್ದ ಸೀಟು ಅದು. ಅಲ್ಲಿಗೆ ಅವಳು ಮಿಸ್ತ್ರಿಯನ್ನು ಕರೆದು ಕೂಡಿಸಿದಳು. ಎಣ್ಣೆ ಅಂಗಿಯಲ್ಲಿ ಕೂರಲು ಅವನು ಹಿಂಜರಿದರೆ, "ಕೂಡು, ಸೀಟಿಗೂ ಗೊತ್ತಾಗ್ಲಿ ಕಾರು ಯಾರು ಮಾಡ್ಯಾರ ಅಂತ" ಎಂದಳು.

ನಾನು ಸಂತೆಯ ತುಂಬ ಹಿಂದೆ ಹಿಂದೆ ಓಡಿದೆ. ಗಿರಣಿಯ ಮುಂದೆ ಗಕ್ಕನೆ ನಿಲ್ಲಿಸಿ ಹಾರ್ನು ಒತ್ತಿದಳು. ಹಿಟ್ಟು ಮೆತ್ತಿದ ಮುಖಗಳೆಲ್ಲ ಹೊರಗೆ ಬಂದವು.

"ಕೇಳ್ರಿ! ಇಂವ ನನ್ನ ಸಾಮಾನ ಬದಲಿ ಮಾಡ್ಯಾನ ಅಂತ ನಾ ಇಲ್ಲೇ ನಿಂತು ಹೇಳಿದ್ನಿ. ಸುಳ್ಳ ಅದು. ಇಂವ ಕಳ್ಳ ಅಲ್ಲ. ನಾ ಮಳ್ಳಿ!"

ಯಾರೋ ನಕ್ಕರು. ತೇಪೆಯ ಕಾರು ನೋಡಿ ನಕ್ಕರೋ, ಅತ್ತೆಯನ್ನು ನೋಡಿ ನಕ್ಕರೋ. ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಳೆ ಅಂಗಡಿ, ಭಜಿ ಹೋಟೆಲು, ಎಲ್ಲ ಕಡೆ ಅದೇ ಮಾತು, ಅಷ್ಟೇ ಜೋರು ದನಿ. ಭಜಿಯವನು, "ಹೋಗ್ಲಿ ಬಿಡ್ರಿ ಅಕ್ಕಾ, ಹಳೇ ಮಾತು" ಎಂದದ್ದಕ್ಕೆ, "ನಾ ಕಳ್ಳ ಅಂದಾಗ ಬಾಯಿ ತೆರಕೊಂಡು ಕೇಳಿದಿ. ಇದನ್ನೂ ಪೂರಾ ಕೇಳು" ಎಂದು ಗದರಿದಳು. ಮಿಸ್ತ್ರಿ ಸಂಕೋಚಕ್ಕೆ ಸೀಟಿನಲ್ಲಿ ಮುದುಡಿ, ಕಿವಿಯ ಮೇಲಿನ ಬೀಡಿ ಮುಟ್ಟಿಮುಟ್ಟಿ ನೋಡಿಕೊಳ್ಳುತ್ತಿದ್ದ.

ಅಲ್ಲಿಗೇ ಮುಗಿಯಲಿಲ್ಲ. ಅದೇ ಕಾರಿನಲ್ಲಿ ಜೇವರ್ಗಿಗೆ ಹೋಗಿ ಬೀಗರ ಕಟ್ಟೆಯ ಮೇಲೆ ಹೇಳಿದಳಂತೆ, ದಾರಿಯಲ್ಲಿ ನೆಲೋಗಿಯಲ್ಲಿ ನಮ್ಮಪ್ಪನಿಗೆ ಹೇಳಿದಳಂತೆ, ಮರುದಿನ ಆಳಂದಕ್ಕೆ ಹೋಗಿ ಮೈದುನನ ಬಾಗಿಲಲ್ಲಿ ಹೇಳಿದಳಂತೆ. ಮೈದುನ ಮಾತ್ರ ಎಲ್ಲ ಕೇಳಿ, ಮಿಸ್ತ್ರಿಯನ್ನು ಮರೆಗೆ ಕರೆದು, "ಖರೇ ಹೇಳು, ಕಾರಿನಾಗ ಏನ್ ಸಿಕ್ತು?" ಎಂದನಂತೆ. ಇದನ್ನು ಹೇಳುವಾಗ ಮಿಸ್ತ್ರಿ ನಕ್ಕದ್ದು ನನಗೆ ಇನ್ನೂ ನೆನಪಿದೆ. ಆ ಬಿರು ಬಿಸಿಲಲ್ಲಿ, ಆ ರಸ್ತೆಗಳಲ್ಲಿ, ಕಾರು ಎಲ್ಲೂ ಒಂದು ಸಲವೂ ನಿಲ್ಲಲಿಲ್ಲ. ಜೇವರ್ಗಿಯಿಂದ ಬರುವಾಗ ಸೊನ್ನದ ಬ್ಯಾರೇಜಿನ ಮೇಲೆ ಅತ್ತೆ ತಾನಾಗಿ ನಿಲ್ಲಿಸಿ, ಇಳಿದು, ಭೀಮೆಯ ನೀರು ನೋಡುತ್ತ ನಿಂತಳಂತೆ.

ಬೇವಿನ ಗಿಡದ ಕೆಳಗೆ ಮತ್ತೆ ಟ್ರ್ಯಾಕ್ಟರುಗಳು ಬಂದವು. ಕಾರಿಗೆ ಇಳಕಲ್ಲಿನ ಕೆಂಪು ಹತ್ತಿತು, ಎರಡೂ ಕಣ್ಣು ತೆರೆದವು. ಮಿಸ್ತ್ರಿಯ ಮಗಳ ಮದುವೆಗೆ ಅತ್ತೆ ಒಂದು ತಾಮ್ರದ ಕೊಡ ಕೊಟ್ಟಳು. ಹೆಸರು ಹಾಕಿಸಲೇ ಎಂದು ನಾನು ಕೇಳಿದರೆ, "ಬ್ಯಾಡ. ಒಮ್ಮೆ ಹಾಕಿಸಿದ್ದು ಸಾಕಾಗ್ಯಾದ" ಎಂದಳು. ಗುರುತಿಲ್ಲದೆ ನಮ್ಮ ಮನೆಯಿಂದ ಹೊರಗೆ ಹೋದ ಮೊದಲ ಭಾಂಡೆ ಅದು.

ಹಾಗೆಂದು ಅತ್ತೆ ಸಂಶಯ ಬಿಟ್ಟಳೆಂದು ತಿಳಿಯಬೇಡಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಸಕ್ಕರೆ ಡಬ್ಬಿಯ ಮೇಲೆ ತೊಗರಿ ಕಾಳು ಕೊನೆಯ ತನಕ ಇತ್ತು. ಮಿಸ್ತ್ರಿ ಕಾರು ತಂದು ಬಿಟ್ಟರೆ ಆಮೇಲೂ ಸುತ್ತು ಹಾಕಿ, ಬಾಗಿಲ ಸಂದಿ, ಬಾನೆಟ್ಟಿನ ಅಂಚು ಎಲ್ಲ ಉಗುರಿನಿಂದ ಗೀರಿ ನೋಡಿಯೇ ಕೀಲಿ ಇಸಿದುಕೊಳ್ಳುತ್ತಿದ್ದಳು. ಬದಲಾದದ್ದು ಒಂದೇ. ಏನಾದರೂ ಕಂಡರೆ ಮೊದಲು ಅವನನ್ನು ಕೇಳುತ್ತಿದ್ದಳು, ಅವನು ಹೇಳಿ ಮುಗಿಸುವ ತನಕ ಬಾಯಿ ತೆರೆಯುತ್ತಿರಲಿಲ್ಲ. ಅದು ಅವಳಿಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಪಕ್ಕದಲ್ಲಿ ನಿಂತ ನನಗೆ ಗೊತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಒರಗಿದವಳು ಏಳಲಿಲ್ಲ. ವಿಭೂತಿ ಹಚ್ಚಿ ಕೂಡಿಸಿದಾಗ ಅವಳ ಕೈ ನನ್ನ ಕೈಯಲ್ಲಿತ್ತು. ಉಗುರಿನ ಸೀಳಿನಲ್ಲಿ ಕೆಂಪು ಬಣ್ಣದ ಪುಡಿ ಅಂಟಿತ್ತು. ಬೆಳಿಗ್ಗೆ ಮತ್ತೆಲ್ಲೋ ಗೀರಿ ನೋಡಿದ್ದಾಳೆ. ನನಗೆ ನಗು ಬಂತು, ಆಮೇಲೆ ತಡೆಯಲಾರದಷ್ಟು ಅಳು.

ಕಾರು ಈಗ ನನ್ನ ಹತ್ತಿರ ಇದೆ. ಮೊನ್ನೆ ಮಿಸ್ತ್ರಿ ಎಣ್ಣೆ ಬದಲಿಸಿ ತಂದು ಅಂಗಳದಲ್ಲಿ ನಿಲ್ಲಿಸಿದ. ನಾನು ಕೀಲಿಗೆ ಕೈ ಚಾಚಿದೆ. ಅವನು ಕೊಡಲಿಲ್ಲ.

"ಹಂಗ ಒಯ್ತೀರೇನವ್ವಾ? ನೋಡಂಗಿಲ್ಲ?"

"ನಿಮ್ಮ ಮ್ಯಾಲ ನಂಬಿಕಿ ಅದರಿ ನಂಗ."

ಅವನು ಕಿವಿಯ ಮೇಲಿನ ಬೀಡಿ ತೆಗೆದು, ಮತ್ತೆ ಅಲ್ಲೇ ಇಟ್ಟುಕೊಂಡ. "ನಂಬಿಕಿ ಎಲ್ಲಾರೂ ಇಡ್ತಾರ್ರಿ ಈಗ, ಅಕ್ಕನ ಪುಣ್ಯೇ. ಒಬ್ಬರೂ ಬಗ್ಗಿ ನೋಡಂಗಿಲ್ಲ. ಇಷ್ಟು ಮಾಡಿ ತಂದೀನಿ, ಯಾರಿಗೆ ತೋರಸ್ಲಿ? ಒಂದೀಟು ಉಗುರು ಹಾಕಿ ನೋಡ್ರಿ" ಎಂದ.

ಔಷಧಿ ಅಂಗಡಿಯವಳು ನಾನು, ಉಗುರು ಬಿಡುವುದಿಲ್ಲ. ಆದರೂ ಬಾನೆಟ್ಟಿನ ಅಂಚಿನಿಂದ ಸುರು ಮಾಡಿ, ಬಾಗಿಲ ಸಂದಿ, ದೀಪದ ಸುತ್ತು, ಎಲ್ಲ ಒಂದೊಂದಾಗಿ ಗೀರಿ ನೋಡಿದೆ. ಮಿಸ್ತ್ರಿ ಕೈ ಕಟ್ಟಿಕೊಂಡು, ಅತ್ತೆಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದ. ಪೂರಾ ಸುತ್ತು ಮುಗಿದ ಮೇಲೆಯೇ ಕೀಲಿ ಕೊಟ್ಟ.